ಕಂಚಿನ ಕಪ್ಪೆ ಮತ್ತು ಅವ್ವನ ಬೀಸುವ ಪದ

ಹಿಂದೆ, ಬಹಳ ಹಿಂದೆ, ಹಾಡುಗಳಿಗೆ ಸಾವೇ ಇಲ್ಲದ ಕಾಲದಲ್ಲಿ, ಚಕ್ರಾವಳಿ ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ಯಾರು ಚೆನ್ನಾಗಿ ಹಾಡಿದರೂ ಅರಮನೆಯ ಮಂದಿ ಬಂದು ಆ ಹಾಡನ್ನು ಕರಿ ಅರಗಿನ ತಟ್ಟೆಯ ಮೇಲೆ ಸುರುಳಿ ಗೆರೆಯಾಗಿ ಕೊರೆದುಕೊಂಡು ಹೋಗುತ್ತಿದ್ದರು. ತಟ್ಟೆಯನ್ನು ಕುಂಬಾರರ ತಿಗರಿಯಂಥ ಚಕ್ರದ ಮೇಲಿಟ್ಟು ತಿರುಗಿಸಿ, ಗೆರೆಗೆ ಜಾಲಿ ಮುಳ್ಳು ತಾಗಿಸಿದರೆ ಸಾಕು, ಹಾಡಿದವರು ಎದುರಿಗೇ ಕೂತು ಹಾಡಿದಂತೆ ಕೇಳುತ್ತಿತ್ತು. ಸತ್ತವರ ದನಿಯೂ ಕೇಳುತ್ತಿತ್ತು. ಅದನ್ನು ಕೇಳಿ ಕಣ್ಣೊರೆಸಿಕೊಳ್ಳದವರು ಆ ರಾಜ್ಯದಲ್ಲಿ ಇರಲಿಲ್ಲ.

ಅಲ್ಲಿನ ರಾಜಸಭೆಗೆ ಒಂದು ದಿನ ಜಡಕಂಠನೆಂಬ ಮಾಂತ್ರಿಕ ಬಂದ. ಹುಟ್ಟಿದಾಗಿನಿಂದ ಒಂದು ಸಾಲೂ ಹಾಡಲು ಬಾರದ ಗಂಟಲು ಅವನದು. ಹಾಡುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ. ಅವನ ಹಿಂದೆ ಆನೆಗಾತ್ರದ ಕಂಚಿನ ಕಪ್ಪೆಯೊಂದು ಕುಪ್ಪಳಿಸಿಕೊಂಡು ಬಂತು. ಅದಕ್ಕೆ ಎಂಟು ಕೈ, ಎಂಟು ಕೈಗೆ ಎಂಟು ನಗಾರಿ. ಉಣ್ಣದು, ಮಲಗದು, ಬಡಿಯುವುದೊಂದೇ ಗೊತ್ತು. ಪೆಟ್ಟಿಗೂ ಪೆಟ್ಟಿಗೂ ನಡುವೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ.

“ಮಹಾರಾಜ, ನಿಮ್ಮ ಹಾಡು, ನನ್ನ ಕಪ್ಪೆ” ಎಂದ ಜಡಕಂಠ. “ಒಂದು ಹಾಡು ಮುಗಿಯುವ ತನಕ ಎರಡೂ ಜೊತೆಯಾಗಿ ಸಾಗಿದರೆ ನಾನು ನಿಮ್ಮ ಆಳು. ತಪ್ಪಿದರೆ ಈ ಸಭೆ ನನ್ನದು. ತಟ್ಟೆಯನ್ನು ಮಾತ್ರ ನಾನು ಆರಿಸುತ್ತೇನೆ.”

ರಾಜ ನಕ್ಕು ಒಪ್ಪಿಕೊಂಡ. ಮಂದಿಯ ನಗು ಎಷ್ಟು ಅನಾಹುತಕ್ಕೆ ಬಾಗಿಲು ತೆರೆದಿದೆಯೋ! ತಟ್ಟೆ ತಿರುಗಿತು. ಮೊದಲ ನುಡಿ ಸರಿಹೋಯಿತು. ಎರಡನೆಯ ನುಡಿಗೆ ಹಾಡು ಒಂದು ಕಡೆ, ನಗಾರಿ ಒಂದು ಕಡೆ. ತಪ್ಪಿದ ಆ ಪೆಟ್ಟಿಗೆ ಸಭೆಯಲ್ಲಿದ್ದವರೆಲ್ಲ ಇದ್ದಲ್ಲೇ ಮರಗಟ್ಟಿದರು. ರಾಜನ ವೀಳ್ಯ ಬಾಯಿಯ ಹತ್ತಿರವೇ ನಿಂತಿತು. ಮಡಕೆ ಹೊತ್ತು ತಂದಿದ್ದ ಕುಂಬಾರರ ಈರಣ್ಣ ಕುಣಿಯಲು ಎತ್ತಿದ ಬಲಗಾಲು ಎತ್ತಿದಂತೆಯೇ ಉಳಿಯಿತು. ತಟ್ಟೆಯಲ್ಲಿದ್ದದ್ದು ತೀರಿಹೋದ ತನ್ನ ಅವ್ವನ ಬೀಸುವ ಪದವೆಂದು ತಿಳಿದು ಅವನು ಕುಣಿಯಲು ಎದ್ದಿದ್ದ.

“ಏಳು ವರ್ಷದೊಳಗೆ ಯಾರಾದರೂ ನನ್ನ ಮೂರು ಪರೀಕ್ಷೆ ಗೆದ್ದರೆ ಇವರು ಬದುಕಿಯಾರು. ಇಲ್ಲದಿದ್ದರೆ ಕಲ್ಲಾಗುತ್ತಾರೆ” ಎಂದು ಜಡಕಂಠ ಡಂಗುರ ಸಾರಿಸಿದ. ಮೂರು ರಾಜ್ಯದ ವಿದ್ವಾಂಸರು ಬಂದರು. ಬಂದವರೆಲ್ಲ ಸೋತು ಗೊಂಬೆಗಳ ಸಾಲಿಗೆ ಸೇರಿದರು.

ಏಳನೆಯ ವರ್ಷದ ಕಡೆಯ ದಿನ, ಹೊತ್ತು ಇಳಿಯುವ ಮುಂಚೆ, ಒಬ್ಬ ಹುಡುಗಿ ಸಭೆಗೆ ಬಂದಳು. ಮೊಣಕೈತನಕ ಒಣಗಿದ ಕೆಸರು. ಅವಳೇ ಈರಣ್ಣನ ತಂಗಿ ಬೊಮ್ಮಕ್ಕ. ಅಣ್ಣ ಮರಗಟ್ಟಿದಾಗ ಅವಳಿಗೆ ಹನ್ನೆರಡು, ಈಗ ಹತ್ತೊಂಬತ್ತು. ಏಳು ವರ್ಷ ಅಣ್ಣನ ತಿಗರಿಯನ್ನು ತಾನೇ ತಿರುಗಿಸಿದ್ದಳು.

“ಯಾಕೆ ಬಂದೆ?” ಎಂದ, ಸಿಂಹಾಸನ ಹಿಡಿದು ಕೂತಿದ್ದ ಜಡಕಂಠ.

“ನಮ್ಮಣ್ಣನ್ನ ಮನಿಗೆ ಕರಕೊಂಡ ಹೋಗಾಕ ಬಂದೀನ್ರಿ.”

“ಸರಿ. ಮೊದಲನೆಯದು: ಕಪ್ಪೆ ಬಡಿಯುವ ಎಂಟು ಪೆಟ್ಟಿನ ಸುತ್ತಿನಲ್ಲಿ ಮೊದಲ ಪೆಟ್ಟಿಗೆ ಹಾಡಿನ ಮೊದಲ ಪೆಟ್ಟು ಕೂಡಬೇಕು.”

ಮೊದಲು ಬಂದವರು ದೇವರ ಮೇಲೆ ಭಾರ ಹಾಕಿ ಮುಳ್ಳು ಇಳಿಸಿದ್ದರು. ಬೊಮ್ಮಕ್ಕ ಹೆಗಲ ಮೇಲಿನ ಕಂಬಳಿ ಚೂರನ್ನು ಚಕ್ರಕ್ಕೂ ತಟ್ಟೆಗೂ ನಡುವೆ ಹಾಸಿದಳು. ಆಮೇಲೆ ತಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದಳು. ಕೆಳಗೆ ಚಕ್ರ ತಿರುಗುತ್ತಲೇ ಇತ್ತು, ಮೇಲೆ ತಟ್ಟೆ ಸುಮ್ಮನೆ ನಿಂತಿತು! ಮುಳ್ಳನ್ನು ಹಾಡಿನ ಬಾಯಿಗೆ ಸರಿಯಾಗಿ ಇಟ್ಟು, ಕಪ್ಪೆಯ ಎಂಟು ಪೆಟ್ಟು ಎಣಿಸಿ, ಮತ್ತೆ ಒಂದು ಬಂದಾಗ ಬೆರಳು ಬಿಟ್ಟಳು. ಹಾಡೂ ನಗಾರಿಯೂ ಒಟ್ಟಿಗೆ ಎದ್ದವು. ಅರಮನೆಯ ಕಂಬಗಳು ಝುಮ್ಮೆಂದವು.

“ಎರಡನೆಯದು: ಈ ಹಾಡು ಮುಗಿಯುವ ತನಕ ಜೊತೆ ತಪ್ಪಬಾರದು.”

ಇಲ್ಲೇ ದೊಡ್ಡ ದೊಡ್ಡವರು ಮಣ್ಣುಮುಕ್ಕಿದ್ದರು. ಒಮ್ಮೆ ಹೊಂದಿತಲ್ಲ ಎಂದು ಕೈಕಟ್ಟಿ ನಿಂತು ಮೀಸೆ ತಿರುವಿದ್ದರು. ಆದರೆ ಕಪ್ಪೆಯ ನಡಿಗೆ ಒಂದೇ, ಚಕ್ರದ ನಡಿಗೆ ಗಳಿಗೆಗೊಂದು. ಮಡಕೆ ಇಳಿಯುವ ತನಕ ತಿಗರಿಯಿಂದ ಕೈ ತೆಗೆಯಬಾರದೆಂದು ಕುಂಬಾರರ ಕೂಸಿಗೂ ಗೊತ್ತು. ಚಕ್ರ ಸೋಮಾರಿಯಾದರೆ ಬೊಮ್ಮಕ್ಕ ತಟ್ಟೆಯ ಅಂಚನ್ನು ಬೆರಳ ತುದಿಯಿಂದ ಒಂಚೂರು ಮುಂದೆ ತಳ್ಳಿದಳು, ಅವಸರಪಟ್ಟರೆ ಒಂಚೂರು ತಡೆದಳು. ಬೆರಳು ಮುಟ್ಟಿದ್ದು ಕಣ್ಣಿಗೆ ಕಾಣಲಿಲ್ಲ, ಕಿವಿಗೂ ಕೇಳಲಿಲ್ಲ. ಹಾಡು ಮುಗಿಯಿತು. ಜಡಕಂಠ ಸಿಂಹಾಸನದಿಂದ ಎದ್ದು ನಿಂತ.

“ಮೂರನೆಯದು: ಈ ಹಾಡೂ ಕಡೆತನಕ ಕಪ್ಪೆಯ ಜೊತೆಯೇ ಸಾಗಬೇಕು” ಎಂದು ಅವನು ಹಳೆಯ ತಟ್ಟೆಯೊಂದನ್ನು ಎತ್ತಿಕೊಟ್ಟ.

ಬೊಮ್ಮಕ್ಕ ಮುಳ್ಳು ಇಳಿಸಿದಳು. ಬೀಸುಕಲ್ಲು ಗರಗರ ಎಂದಿತು. ಆಮೇಲೆ ಅವ್ವ ಹಾಡಿದಳು.

ಅವ್ವ ಸತ್ತಾಗ ಬೊಮ್ಮಕ್ಕನಿಗೆ ಐದು ವರ್ಷ. ಅವ್ವನ ಮುಖ ಮರೆತುಹೋಗಿತ್ತು, ದನಿ ಮರೆತಿರಲಿಲ್ಲ. ಕೇಳುತ್ತ ಕೇಳುತ್ತ ಅವಳು ತಟ್ಟೆ ತಳ್ಳುವುದನ್ನೇ ಮರೆತಳು. ಹಾಡು ಕಪ್ಪೆಯ ಹಿಂದೆ ಬೀಳತೊಡಗಿತು. ಒಂದು ಮೂಲೆಯಲ್ಲಿ ಎತ್ತಿದ ಕಾಲಿನ ಈರಣ್ಣ, ಅವನ ಪಾದ ಆಗಲೇ ಕಲ್ಲಿನ ಬಣ್ಣಕ್ಕೆ ತಿರುಗಿತ್ತು. ಅದನ್ನು ನೋಡಿ ಅವಳು ತುಟಿ ಕಚ್ಚಿ ತಟ್ಟೆಯನ್ನು ಸರಿಗೆ ತಂದಳು.

ಮೊದಲ ನುಡಿ ಮುಗಿಯುತ್ತ ಬಂತು. ಆಗ ಅವಳಿಗೆ ನೆನಪಾಯಿತು. ಅವ್ವ ಬೀಸುವಾಗ ತಾನು ಅವಳ ತೊಡೆಯ ಮೇಲೆ ಮಲಗಿರುತ್ತಿದ್ದಳು. ನುಡಿ ಮುಗಿದಾಗಲೆಲ್ಲ ಅವ್ವನ ಎಡಗೈ ತನ್ನ ಬೆನ್ನಿನಿಂದ ಏಳುತ್ತಿತ್ತು. ಕಲ್ಲಿನ ಬಾಯಿಗೆ ಜೋಳದ ಮುಷ್ಟಿ ಹಾಕಲಿಕ್ಕೆ! ಅಷ್ಟು ಹೊತ್ತು ಹಾಡು ನಿಲ್ಲುತ್ತಿತ್ತು. ಮುಷ್ಟಿ ಒಮ್ಮೆ ದೊಡ್ಡದು, ಒಮ್ಮೆ ಸಣ್ಣದು, ಯಾವ ಲೆಕ್ಕಕ್ಕೂ ಸಿಗದು. ಏಳು ವರ್ಷದ ಹಿಂದೆ ಈ ಸಭೆಯಲ್ಲಿ ಹಾಡು ತಪ್ಪಿದ್ದು ಆ ಬಿಡುವಿನಲ್ಲೇ.

ತಟ್ಟೆಯನ್ನು ಓಡಿಸಿದರೆ ಅವ್ವನ ದನಿ ಕೆಡುತ್ತದೆ. ಹಾಡು ಕಪ್ಪೆಯ ಹಿಂದೆ ಹೋಗಲಾರದು, ಕಪ್ಪೆಯೇ ಹಾಡಿನ ಹಿಂದೆ ಬರಬೇಕು. ಏಳು ವರ್ಷದಲ್ಲಿ ಆ ಕಪ್ಪೆಯನ್ನು ಮುಟ್ಟಿದವರಿಲ್ಲ. ಅದರ ಒಂದು ಪೆಟ್ಟಿಗೆ ಎತ್ತಿನ ಬೆನ್ನೂ ಮುರಿದೀತು. ಬೊಮ್ಮಕ್ಕ ಎಡಗೈ ತಟ್ಟೆಯ ಮೇಲಿಟ್ಟುಕೊಂಡೇ, ಎಂಟು ಕೈಗಳ ನಡುವೆ ಬಲಗೈ ತೂರಿಸಿ, ಕಪ್ಪೆಯ ತಣ್ಣನೆಯ ಹಣೆಯ ಮೇಲೆ ಇಟ್ಟಳು.

“ತಡಿಯೋ ಯಪ್ಪಾ” ಎಂದಳು ಮೆಲ್ಲಗೆ. “ಅವ್ವ ಜ್ವಾಳ ಹಾಕಾಕತ್ತಾಳ.”

ಕಪ್ಪೆ ನಿಂತಿತು. ಹುಟ್ಟಿದ ಮೇಲೆ ಮೊದಲ ಸಲ ಅದು ಯಾರಿಗಾಗಿಯೋ ಕಾದಿತು. ಎಂಟು ಕೈಗಳೂ ಗಾಳಿಯಲ್ಲಿ ಹಾಗೇ ನಿಂತವು. ಆ ಮೌನದಲ್ಲಿ, ಇಷ್ಟು ವರ್ಷ ನಗಾರಿಯ ಸದ್ದಿನಡಿ ಹೂತುಹೋಗಿದ್ದ ಒಂದು ಸದ್ದು ಕೇಳಿತು. ಕಲ್ಲಿನ ಬಾಯಿಗೆ ಜೋಳ ಸುರಿಯುವ ಸದ್ದು. ಮಾಂತ್ರಿಕನ ಕೂದಲು ನಿಮಿರಿ ನಿಂತವು.

ಕಲ್ಲು ಮತ್ತೆ ತಿರುಗಿತು. ಬೊಮ್ಮಕ್ಕ ಕಪ್ಪೆಯ ಹಣೆ ತಟ್ಟಿದಳು. ಎಂಟು ನಗಾರಿಯ ಪೆಟ್ಟುಗಳು ಅವ್ವನ ದನಿಯ ಜೊತೆ ಒಟ್ಟಿಗೆ ಬಿದ್ದವು. ಪ್ರತಿ ನುಡಿಗೂ ಅವಳು ತಡೆದಳು, ಕಪ್ಪೆ ಕಾದಿತು, ತಟ್ಟಿದಳು, ಬಡಿಯಿತು. ಕಡೆಯ ನುಡಿಯ ಕಡೆಯ ಪೆಟ್ಟಿಗೆ ಸರಿಯಾಗಿ, ಏಳು ವರ್ಷ ಎತ್ತಿದ್ದ ಈರಣ್ಣನ ಕಾಲು ನೆಲಕ್ಕೆ ಬಿತ್ತು.

ಅವನು ಕಣ್ಣು ಪಿಳುಕಿಸಿ ನೋಡಿದ. “ಬೊಮ್ಮೀ, ನೀ ಯಾವಾಗ ಇಷ್ಟ ದೊಡ್ಡಾಕಿ ಆದಿ?”

ಬೊಮ್ಮಕ್ಕ ಅಣ್ಣನನ್ನು ತಬ್ಬಿಕೊಂಡು ಅತ್ತಳು. ರಾಜನ ವೀಳ್ಯ ಬಾಯಿ ಸೇರಿತು. ಗೊಂಬೆಗಳೆಲ್ಲ ಮನುಷ್ಯರಾಗಿ ಕೈಕಾಲು ಕೊಡವಿಕೊಂಡರು.

ಯಾರಿಗೂ ಕಾಯದ ಕಪ್ಪೆಯಲ್ಲೇ ಜಡಕಂಠನ ಮಂತ್ರವಿತ್ತು. ಅದು ಕಾದಾಗಲೇ ಮಂತ್ರ ಬಿರುಕುಬಿಟ್ಟಿತ್ತು, ಹಾಡು ಮುಗಿದಾಗ ಮುರಿಯಿತು. ಅವನು ಕುಸಿದು ಕೂತು ಕೇಳಿದ: “ನಾನು ಹಾಡಿದರೂ ಅದು ಕಾಯುತ್ತದೆಯೇ?”

“ಹಾಡ್ರಿ, ನೋಡೋಣು” ಎಂದಳು ಬೊಮ್ಮಕ್ಕ.

ಅವನು ಒಡಕು ದನಿಯಲ್ಲಿ ಒಂದು ಸಾಲು ಹಾಡಿದ. ಉಸಿರು ಕಟ್ಟಿದಲ್ಲೆಲ್ಲ ಕಪ್ಪೆ ಕಾದಿತು. ಅಂದಿನಿಂದ ಅವನು ಕೊಟ್ಟ ಮಾತಿನಂತೆ ಅರಮನೆಯ ಆಳಾಗಿ ತಟ್ಟೆಗಳ ದೂಳು ಒರೆಸುತ್ತ, ಗುನುಗುತ್ತ ಉಳಿದ.

ಚಕ್ರಾವಳಿಯ ಮಂದಿ ಆಮೇಲೆ ಬಹಳ ಕಾಲ ಸುಖವಾಗಿದ್ದರು. ಹಬ್ಬ ಬಂದರೆ ಬೊಮ್ಮಕ್ಕ ಒಂದು ಕೈ ತಟ್ಟೆಯ ಮೇಲೆ, ಒಂದು ಕೈ ಕಪ್ಪೆಯ ಹಣೆಯ ಮೇಲೆ ಇಟ್ಟು ನಿಲ್ಲುತ್ತಿದ್ದಳು, ಊರೆಲ್ಲ ಕುಣಿಯುತ್ತಿತ್ತು. ಅವ್ವನ ಪದದಲ್ಲಿ ನುಡಿ ಮುಗಿದಾಗ ಮಾತ್ರ ರಾಜನಿಂದ ಹಿಡಿದು ಕೂಸುಗಳವರೆಗೆ ಎಲ್ಲರೂ ಒಂದು ಕಾಲೆತ್ತಿ ಸುಮ್ಮನೆ ನಿಂತು, ಜೋಳ ಸುರಿಯುವುದನ್ನು ಕೇಳುತ್ತಿದ್ದರು.