ಎಲ್ಡರ್ ಪ್ರಿಂಗಲ್‌ನ ಎಡಗಿವಿ

ಪಶುವೈದ್ಯ ರೋರಿಯ ಕಾರು ಎಲ್ಸ್ಪೆತ್‌ಳ ಮನೆ ಮುಂದೆ ನಿಂತದ್ದು ಇದು ಒಂಬತ್ತನೆಯ ಸಲ. ವಾಟ್ ಕುರಿ ಕಾಯುವವನು. ಬೇಡವೆಂದರೂ ಕಣ್ಣು ಎಣಿಸಿಬಿಡುತ್ತಿತ್ತು.

ಎಲ್ಸ್ಪೆತ್ ಊರ ಪಬ್ಬಿಗೆ ಹೊಸ ಚಿತ್ರದ ಬೋರ್ಡು ಬರೆಯುತ್ತಿದ್ದಳು. ಪಬ್ಬಿನ ಹೆಸರು 'ಎಲ್ಡರ್ ಪ್ರಿಂಗಲ್'. ಇನ್ನೂರು ವರ್ಷದ ಹಿಂದೆ ಆತ ಚರ್ಚಿನ ಹಿರಿಯ. ಕಿವಿಯ ಯಾವ ಕಚ್ಚು ಯಾರ ಕುರಿಯದೆಂದು ಬರೆದಿಡುವ ಕಿವಿಗುರುತಿನ ಪುಸ್ತಕ ಅವನ ವಶದಲ್ಲಿತ್ತು. ಯಾರ ಕುರಿಯ ಕಿವಿಗೆ ಇನ್ನೊಂದು ಕಚ್ಚು ಬಿದ್ದರೆ ಅದು ತನ್ನದಾಗುತ್ತದೆಂದು ಅವನಷ್ಟು ಬಲ್ಲವರಿರಲಿಲ್ಲ. ಭಾನುವಾರ ಪ್ರಾರ್ಥನೆ, ಸೋಮವಾರ ಕಳ್ಳತನ. ಅವನನ್ನು ಗಲ್ಲಿಗೇರಿಸಿದ ಊರೇ ಅವನ ಹೆಸರಿನಡಿ ಕೂತು ಕುಡಿಯುತ್ತ ಬಂದಿದೆ. ಬೋರ್ಡಿನ ಒಂದು ಮಗ್ಗುಲಿಗೆ ಸಭ್ಯ ಪ್ರಿಂಗಲ್, ಇನ್ನೊಂದಕ್ಕೆ ಕಳ್ಳ ಪ್ರಿಂಗಲ್.

"ಸಭ್ಯನ ಮುಖ ಬರೆಯೋಕೆ ರೋರಿ ಅವಳೆದುರು ಕೂರ್ತಿದ್ದಾನೆ," ಎಂದಳು ಪಬ್ಬಿನೊಡತಿ ಮೋರಾಗಜ್ಜಿ, ವಾಟ್‌ನ ಲೋಟಕ್ಕೆ ಬಿಯರ್ ಸುರಿಯುತ್ತ. "ಅವನ ಮೂಗು ನೋಡಿದ್ದೀಯಾ? ಗೆರೆ ಎಳೆದ ಹಾಗಿದೆ."

"ಕುರಿಗೆ ಸೂಜಿ ಚುಚ್ಚೋನಿಗೆ ಮೂಗು ಹೇಗಿದ್ರೇನಜ್ಜಿ?"

"ಹೊಟ್ಟೆಕಿಚ್ಚನ್ನ ಬಿಯರಿಗೆ ಬೆರೆಸ್ಬೇಡ ಮಗಾ, ನೊರೆ ಇಳಿದುಹೋಗುತ್ತೆ."

ವಾಟ್ ನಗಲಿಲ್ಲ. ದೂರದ ಉತ್ತರ ದ್ವೀಪವೊಂದರಲ್ಲಿ ಅವನಿಗೆ ಕೆಲಸ ಸಿಕ್ಕಿತ್ತು. ಶನಿವಾರದೊಳಗೆ ಹೂಂ ಅಥವಾ ಉಹೂಂ ಎಂದು ಬರೆದು ಅಂಚೆಗೆ ಹಾಕಬೇಕು. ಹೂಂ ಎಂದು ಬರೆದ ಕಾಗದ ಮೂರು ದಿನದಿಂದ ಜೇಬಿನಲ್ಲೇ ಬೆಚ್ಚಗಿತ್ತು.

ಶನಿವಾರ ಬೆಳಿಗ್ಗೆ ಅಂಚೆಗೆ ಹೊರಟವನನ್ನು ಮೋರಾಗಜ್ಜಿ ತಡೆದಳು. "ಏಣಿ ಹಿಡ್ಕೊ ಬಾ."

ಬೋರ್ಡು ಆಗಲೇ ತೂಗುತ್ತಿತ್ತು. ಎಲ್ಸ್ಪೆತ್ ಏಣಿಯ ಮೇಲೆ ನಿಂತು ಕೊನೆಯ ಬಣ್ಣ ಹಚ್ಚುತ್ತಿದ್ದಳು. ಚರ್ಚಿನ ಕಡೆಗೆ ರೋರಿಯ ಮುಖ: ಕಪ್ಪು ಕೋಟು, ನೇರ ಮೂಗು, ಕೂದಲೊಂದೂ ಅಲುಗದ ತಲೆ. ವಾಟ್ ಕಣ್ಣು ತಗ್ಗಿಸಿ ಏಣಿ ಹಿಡಿದ.

ಅಷ್ಟರಲ್ಲಿ ಗಾಳಿ ಬೀಸಿ ಬೋರ್ಡಿನ ಇನ್ನೊಂದು ಮಗ್ಗುಲು ಇತ್ತ ತಿರುಗಿತು. ಕಳ್ಳನ ದಪ್ಪ ಕೆಂಪು ಹುಬ್ಬು, ಒರಟು ಗದ್ದ. ಎಡಗಿವಿಯ ತುದಿಯಲ್ಲಿ ಒಂದು ಕಚ್ಚು. ವಾಟ್ ಏಳು ವರ್ಷದವನಿದ್ದಾಗ ಬೇಲಿಯ ಮುಳ್ಳುತಂತಿ ಅವನ ಎಡಗಿವಿಯನ್ನೂ ಅಲ್ಲೇ ಕಿತ್ತಿತ್ತು.

"ಅವನು ದೊಡ್ಡಮನುಷ್ಯ, ನಾನು ಕುರಿಕಳ್ಳ. ಚೆನ್ನಾಗಿ ಹೊಂದಿಸಿದ್ದೀಯ."

"ಏಣಿ ಬಿಡ್ಬೇಡ ಕಣೋ!"

"ನಿನ್ನ ರೋರಿನ ಕರಿ, ಬಂದು ಹಿಡೀಲಿ."

ಅವಳು ಒಂದೊಂದೇ ಮೆಟ್ಟಿಲು ಇಳಿದು ಬಂದು ಎದುರಿಗೆ ನಿಂತಳು. ಕೆನ್ನೆಗೆ ಕೆಂಪು ಬಣ್ಣ ತಾಗಿತ್ತು.

"ರೋರಿ ಒಂಬತ್ತು ಸಲ ಯಾಕೆ ಬಂದ ಗೊತ್ತಾ? ಬಾಗಿಲು ದಾಟಿದ ಅಂದ್ರೆ ಅವನ ಮೂಗು ಹೇಗಿತ್ತು ಅಂತ್ಲೇ ನಂಗೆ ಮರೆತುಹೋಗ್ತಿತ್ತು."

"ನಾನಂತೂ ಒಂದು ದಿನಾನೂ ಬಂದು ಕೂತಿಲ್ಲ."

"ಕೂತಿಲ್ಲ," ಎಂದಳು ಅವಳು. "ಆದ್ರೂ ನಿನ್ನ ಮಗ್ಗುಲು ಒಂದೇ ಮಧ್ಯಾಹ್ನಕ್ಕೆ ಮುಗೀತು."

ವಾಟ್ ಬೋರ್ಡು ನೋಡಿದ, ಅವಳನ್ನು ನೋಡಿದ. ಅವನಿಗೆ ಯಾವುದೂ ಬೇಗ ಹೊಳೆಯುವುದಿಲ್ಲ; ಹೊಳೆದಾಗ ಕಿವಿಯವರೆಗೂ ಕೆಂಪಾದ.

ಆ ಕಿವಿಯನ್ನೇ ಅವಳು ಮುಟ್ಟಿದಳು. "ಇದು ಯಾರ ಗುರುತು?"

"ಬೇಲಿದು."

"ಪ್ರಿಂಗಲ್‌ನ ಪುಸ್ತಕ ನನ್ನ ಕೈಲಿದ್ದಿದ್ರೆ ಯಾವತ್ತೋ ನನ್ನ ಹೆಸರಿಗೆ ಬರ್ಕೊಳ್ತಿದ್ದೆ."

"ಪುಸ್ತಕ ಯಾಕೆ ಬೇಕು?" ಅವನ ದನಿ ಅವನಿಗೇ ಕೇಳಿಸಲಿಲ್ಲ. "ಬರ್ಕೊ."

"ಅಂತೂ ಊರಲ್ಲಿ ಇನ್ನೂ ಕುರಿ ಕಳುವಾಗೋದು ನಿಂತಿಲ್ಲ!" ಎಂದಳು ಬಾಗಿಲಲ್ಲಿದ್ದ ಮೋರಾಗಜ್ಜಿ.

ಎಲ್ಸ್ಪೆತ್ ಕೈ ತೆಗೆದಾಗ ಕಿವಿಗೂ ಬಣ್ಣ ಮೆತ್ತಿತ್ತು. "ಅಯ್ಯೋ, ಒರೆಸೋಕೆ ಬಟ್ಟೆ ಇಲ್ವಲ್ಲ."

ವಾಟ್ ಜೇಬಿಗೆ ಕೈ ಹಾಕಿ ಆ ಕಾಗದವನ್ನೇ ತೆಗೆದುಕೊಟ್ಟ.

"ಏನಿದು? ಅಂಚೆಚೀಟಿ ಅಂಟ್ಸಿದೆ?"

"ಏನಿಲ್ಲ," ಎಂದ ವಾಟ್. "ಕೈ ಒರೆಸ್ಕೊ."