ಹಿಂದಕ್ಕೆ ತಿರುಗಿಸಿದ ಮುಳ್ಳು

“ಕಿವಿಗೆ ಹಿಡಿದು ಕೇಳ್ರಿ. ಗಡಿಯಾರ ಸುಳ್ಳು ಹೇಳಂಗಿಲ್ಲ.”

ಗಡಿಯಾರದ ಅಂಗಡಿಯ ಹಂಪಣ್ಣ ಕೈ ಚಾಚಿದಾಗ ಶೇಖರಮ್ಮನ ಬೆರಳು ಅವನ ಬೆರಳಿಗೆ ತಾಗಿತು. ಆಕೆಗೆ ಗಡಿಯಾರದ ಸದ್ದು ಕೇಳಿಸಲೇ ಇಲ್ಲ…

ಅದು ೧೯೪೧ನೆಯ ಇಸವಿ. ಗಂಗಾವತಿಯ ಅಕ್ಕಿ ವ್ಯಾಪಾರಿ ಕರಿಬಸಪ್ಪನವರು ಹಿರಿಯ ಮಗಳ ಮದುವೆಯಲ್ಲಿ ಅಳಿಯನಿಗೆ ಕೈಗಡಿಯಾರ ಕೊಡಬೇಕೆಂದಿದ್ದರು. ಆರಿಸಲು ಕಿರಿಯ ಮಗಳು ಶೇಖರಮ್ಮನನ್ನು, ಅವಳೊಡನೆ ತಮ್ಮ ಅಕ್ಕ ಮುದುಕಮ್ಮನನ್ನು ಕಳಿಸಿದ್ದರು.

ಮುಂದಿದ್ದವು ಎರಡು. ಬಂಗಾರದ ಅಂಚಿನ ತೆಳುವಾದ ದುಂಡನೆಯದೊಂದು, ಬೆಳ್ಳಿ ಬಣ್ಣದ ಚೌಕನೆಯದೊಂದು.

“ಯಾವುದಾರ ಒಂದು ಕೊಡೋ ತಮ್ಮಾ. ಎಮ್ಮಿ ಕೊಳ್ಳೋರು ಸೈತ ಇಷ್ಟು ನೋಡಂಗಿಲ್ಲ!” ಎಂದಳು ಮುದುಕಮ್ಮ.

“ಎಮ್ಮಿಗೆ ಹಲ್ಲು ನೋಡಿದ್ರ ಸಾಕು ಅಮ್ಮಾ, ಇವಕ್ಕ ನಡಿಗಿ ನೋಡಬೇಕು,” ಎಂದು ಹಂಪಣ್ಣ ನಕ್ಕ. “ಎರಡಕ್ಕೂ ಕೀಲಿ ಕೊಟ್ಟೀನಿ. ಮನಿಗೆ ಒಯ್ದು ನಾಳೆ ಇದೇ ಹೊತ್ತಿಗೆ ತರ್ರಿ. ನನ್ನ ಗೋಡಿ ಗಡಿಯಾರಕ್ಕ ಹೊಂದಿದ್ದನ್ನ ಇಟ್ಕೊಳ್ರಿ.”

ಮರುದಿನ ಬೆಳಿಗ್ಗೆ ಎರಡೂ ಒಂದೇ ಹೊತ್ತು ತೋರಿಸುತ್ತಿದ್ದವು.

‘ಇವತ್ತೇ ಆರಿಸಿದರೆ ಮುಗಿದೇಹೋಯಿತು… ಮತ್ತೆ ಆ ಅಂಗಡಿಗೆ ಹೋಗಲು ಯಾವ ನೆಪ?’

ಶೇಖರಮ್ಮ ದುಂಡು ಗಡಿಯಾರದ ಮುಳ್ಳನ್ನು ಅರ್ಧ ತಾಸು ಹಿಂದಕ್ಕೆ ತಿರುಗಿಸಿದಳು. ಅದನ್ನು ಸರಿಮಾಡಿ ಇನ್ನೊಂದು ದಿನ ನೋಡೋಣ ಎಂದು ಹಂಪಣ್ಣ ಅಂದಾನು ಎಂದುಕೊಂಡಳು.

ಆದರೆ ಅಂದು ಅಂಗಡಿಗೆ ತಂದೆಯೂ ಬಂದರು!

“ಒಂದು ರಾತ್ರಿಗೆ ಅರ್ಧ ತಾಸು ಹಿಂದ! ಬೀಗರ ಮುಂದ ನನ್ನ ಮಾನ ಕಳೀಬೇಕಂತ ಮಾಡೀಯೇನು?”

ಬಜಾರದ ಜನ ಕೂಡಿದರು. ಹಂಪಣ್ಣ ದುಂಡು ಗಡಿಯಾರವನ್ನು ಗೋಡೆಯ ಗಡಿಯಾರದ ಬದಿಗೆ ಹಿಡಿದು ಬಹಳ ಹೊತ್ತು ನೋಡಿದ. ಒಮ್ಮೆ ಶೇಖರಮ್ಮನತ್ತ ನೋಡಿ ತಲೆ ತಗ್ಗಿಸಿದ.

“ತಪ್ಪಾತ್ರಿ, ಯಜಮಾನ್ರ.”

“ಹಂಗಾರ ದುರಸ್ತಿಗೆ ಕೊಟ್ಟ ನನ್ನದನ್ನೂ ಕೊಟ್ಟುಬಿಡಪಾ,” ಎಂದ ಪಕ್ಕದಂಗಡಿಯ ಮಾರೆಪ್ಪ.

ಶೇಖರಮ್ಮ ತಂದೆಯ ಹಿಂದೆ ಸರಿದು ನಿಂತಳು.

ಮೂರು ದಿನ ಹಂಪಣ್ಣನ ಅಂಗಡಿಗೆ ಯಾರೂ ಬರಲಿಲ್ಲವೆಂದು ಮುದುಕಮ್ಮನೇ ಹೇಳಿದಳು. ಶೇಖರಮ್ಮನಿಗೆ ಹೇಮಗುಡ್ಡದ ದುರ್ಗಾದೇವಿಯನ್ನು ನೆನೆದು ಕೈ ಮುಗಿದರೆ, ಮುಳ್ಳು ತಿರುಗಿಸಿದ್ದು ಇದೇ ಕೈಯಲ್ಲವೇ ಎಂದು ನಾಚಿಕೆಯಾಯಿತು. ದೇವರ ಕ್ಷಮೆ ಎಂದಾದರೂ ಸಿಕ್ಕೀತು. ಮನುಷ್ಯನ ಕ್ಷಮೆಯನ್ನು ಅವನು ಕಣ್ಣೆದುರು ಇರುವಾಗಲೇ ಕೇಳಬೇಕು…

ನಾಲ್ಕನೆಯ ದಿನ ತಂದೆಯ ಮುಂದೆ ಎಲ್ಲ ಹೇಳಿದಳು, ಕಾರಣವೊಂದನ್ನು ಬಿಟ್ಟು.

ಕರಿಬಸಪ್ಪನವರು ಶಲ್ಯವನ್ನು ಹೆಗಲಿಗೆ ಹಾಕಿಕೊಂಡರು. “ನಾನು ಬಜಾರದಾಗ ಬೈದೀನಿ. ನೀನು ಬಜಾರದಾಗ ಹೇಳಬೇಕು. ಏಳು.”

ಅಂಗಡಿಯ ಮುಂದೆ, ಅದೇ ಜನರ ನಡುವೆ, ಶೇಖರಮ್ಮ ಹೇಳಿದಳು: “ಗಡಿಯಾರ ಛಲೋ ಇತ್ರಿ. ಮುಳ್ಳು ತಿರುಗಿಸಿದಾಕಿ ನಾನು. ಇವರದೇನೂ ತಪ್ಪಿಲ್ಲ.”

ಕರಿಬಸಪ್ಪನವರು ಮಗನ ವಯಸ್ಸಿನ ಹಂಪಣ್ಣನಿಗೆ ಕೈ ಮುಗಿದರು. ದುಂಡು ಗಡಿಯಾರವನ್ನೇ ಕೊಂಡು, ತನ್ನ ಗಡಿಯಾರ ವಾಪಸು ಒಯ್ದಿದ್ದ ಮಾರೆಪ್ಪನನ್ನು ಕರೆತರಲು ತಾವೇ ಹೋದರು. ಜನ ಚದುರಿದರು. ಜೊತೆಗೆ ಬಂದಿದ್ದ ಮುದುಕಮ್ಮ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಎಲೆಗೆ ಸುಣ್ಣ ಹಚ್ಚತೊಡಗಿದಳು.

“ನಿಮಗ ಮೊದಲೇ ಗೊತ್ತಿತ್ತೇನ್ರಿ?” ಶೇಖರಮ್ಮ ನೆಲ ನೋಡುತ್ತ ಕೇಳಿದಳು.

“ಅವತ್ತೇ. ನನ್ನ ಕೈಯಾಗ ಅದು ನೆಟ್ಟಗ ನಡೀತಿತ್ತು.”

“ಮತ್ತ ಯಾಕ ಸುಮ್ಮನಿದ್ರಿ?”

“ಅಂಗಡಿ ಹೆಸರು ನಾಕು ದಿನಕ್ಕ ತಿರುಗಿ ಬರತೈತ್ರಿ. ಹೆಣ್ಣುಮಗಳ ಹೆಸರು ಹಂಗ ಬರಂಗಿಲ್ಲ.”

ಆಕೆಯ ಕಣ್ಣು ತುಂಬಿತು. ತನ್ನ ಮಾನಕ್ಕಾಗಿ ಈತ ಅನ್ನವನ್ನೇ ಬಿಟ್ಟುಕೊಟ್ಟಿದ್ದ!

“ಆದ್ರ… ಯಾಕ ತಿರುಗಿಸಿದ್ರಿ ಅಂತ ನೀವು ಹೇಳಲಿಲ್ಲ.”

“ಇನ್ನೊಂದು ದಿನ… ಇಲ್ಲಿಗೆ ಬರಬೇಕಂತ.”

ಹಂಪಣ್ಣ ಕೈಯಲ್ಲಿದ್ದ ಚೌಕನೆಯ ಗಡಿಯಾರವನ್ನು ಕೆಳಗಿಟ್ಟ.

“ತಮ್ಮಾ, ನಿಮ್ಮ ಹಿರ್ಯಾರು ಯಾವೂರಾಗ ಅದಾರ?” ಕಟ್ಟೆಯ ಮೇಲಿಂದ ಮುದುಕಮ್ಮನ ದನಿ ಬಂತು.

“ಇರಕಲ್ಲಗಡದಾಗ್ರಿ, ಅಮ್ಮಾ.” ಅವನು ಶೇಖರಮ್ಮನತ್ತ ತಿರುಗಿದ. “ಅವರನ್ನ ನಿಮ್ಮ ಮನಿಗೆ ಕಳಿಸಲೇನ್ರಿ?”

“ನಾನು ಇಂಥಾಕಿ ಅಂತ ಗೊತ್ತಾದ ಮ್ಯಾಲೂ?”

“ಗೊತ್ತಾದ ಮ್ಯಾಲೇ.”

ಶೇಖರಮ್ಮ ಆಗ ತಲೆಯೆತ್ತಿ ಅವನ ಮುಖ ನೋಡಿದಳು.