ಅಡುಗೆಮನೆಯಲ್ಲಿ ಕತ್ತಲಿರಲಿಲ್ಲ

“ಕಿಚನ್ ಸ್ವಲ್ಪ ಕತ್ತಲಿ ಆತಂತ್ರಿ,” ಎಂದ ವೈಜನಾಥ.

ಹೇಳುವಾಗ ಗುರುದೇವಿಯ ಮುಖ ನೋಡಲಿಲ್ಲ. ಹೆಲ್ಮೆಟ್ಟಿನ ಪಟ್ಟಿಯನ್ನು ಬಿಚ್ಚುತ್ತ, ಹಾಕುತ್ತ ನಿಂತಿದ್ದ. ಫ್ಲ್ಯಾಟ್ ನೋಡಿದ ಗಂಡ ಹೆಂಡತಿ ‘ಮನೆಯಲ್ಲಿ ಮಾತಾಡಿ ಹೇಳ್ತೇವೆ’ ಎಂದು ತೆಲುಗಿನಲ್ಲಿ ಹೇಳಿ ಆಗಷ್ಟೇ ಕಾರು ಹತ್ತಿ ಹೋಗಿದ್ದರು. ಈ ಧಂದೆಯಲ್ಲಿ ಹಾಗೆ ಹೇಳಿ ಹೋದವರು ಮನೆಯಲ್ಲಿ ಮಾತಾಡುವುದೂ ಇಲ್ಲ, ತಿರುಗಿ ಹೇಳುವುದೂ ಇಲ್ಲ. ಅವರ ಹೊಟ್ಟೆಯೊಳಗಿನ ಮಾತನ್ನು ಅವರನ್ನು ಕರೆತಂದ ಏಜೆಂಟ್ ಕೆದಕಿ ತೆಗೆದು, ಮನೆ ತೋರಿಸಿದ ಏಜೆಂಟಿಗೆ ಮುಟ್ಟಿಸಬೇಕು. ಅದಕ್ಕೆ ಫೀಡ್‌ಬ್ಯಾಕ್ ಎಂದು ಹೆಸರು. ಗಿರಾಕಿ ತರುವವನು ವೈಜನಾಥ, ಮನೆ ತೋರಿಸುವವಳು ಗುರುದೇವಿ.

“ಯಾವ ಕಿಚನ್‌ರಿ?” ಎಂದಳು.

“ಇದ ರಿ, ನಿಮ್ಮ ಫ್ಲ್ಯಾಟಿಂದು.”

“ಹೋದ ತಿಂಗಳ ನೀವು ಕತ್ತಲಿ ಅಂದ್ರಿ ಅಂತ ಓನರ್‌ಗೆ ಹೇಳಿ ಬಿಳಿ ಪೇಂಟ್ ಹೊಡಿಸಿದೆ. ಹೊಸಾ ಲೈಟ್ ಹಾಕಿಸಿದೆ. ಈಗ ಅಲ್ಲಿ ನಿಂತ್ರ ಕಣ್ಣು ಕುಕ್ತೈತಿ. ಇನ್ನೂ ಕತ್ತಲಿ ಏನ್ರಿ?”

ವಿಮಾನ ನಿಲ್ದಾಣವಿರುವ ಶಂಶಾಬಾದಿನ ಮೇಲೆ ಒಂದು ವಿಮಾನ ತಗ್ಗಿನಲ್ಲಿ ಹಾದುಹೋಯಿತು. ಅದರ ಸದ್ದು ಮುಗಿಯುವವರೆಗೆ ಇಬ್ಬರೂ ಸುಮ್ಮನಿರಬೇಕಾಯಿತು. ಸದ್ದು ಮುಗಿದ ಮೇಲೆ ವೈಜನಾಥ ಹೆಲ್ಮೆಟ್ಟಿನ ಪಟ್ಟಿಯನ್ನು ಮತ್ತೊಮ್ಮೆ ಬಿಚ್ಚಿದ. ಸುಳ್ಳು ಹೇಳಲು ಬಾರದವನು ಸುಳ್ಳು ಹೇಳಲು ಹೋದರೆ ಹೀಗೇ ಆಗುತ್ತದೆ.

“ರವಿವಾರ ಇನ್ನೊಂದು ಫ್ಯಾಮಿಲಿ ತರ್ತೀನ್ರಿ,” ಎಂದು ಬೈಕ್ ಏರಿ ಹೋಗಿಬಿಟ್ಟ.

ಇದೇ ಕಟ್ಟಡದ ಕೆಳಗೆ ಅವರ ಪರಿಚಯವಾದದ್ದು. ಕೆಟ್ಟು ನಿಂತ ಲಿಫ್ಟಿಗೆ ಅವನು ಕನ್ನಡದಲ್ಲಿ ಬೈಯುತ್ತಿದ್ದ. “ಯಾವೂರ್ರಿ ನಿಮ್ಮದು?” ಎಂದು ಅವಳು ನಕ್ಕಿದ್ದಳು. ಅವನದು ಲಿಂಗಸುಗೂರು, ಇವಳದು ಶಹಾಪುರ. ದಿನವಿಡೀ ತೆಲುಗು, ಹಿಂದಿ ಮಾತಾಡಿ ನಾಲಗೆ ಸೋತ ಇಬ್ಬರಿಗೂ ಫೀಡ್‌ಬ್ಯಾಕಿನ ಫೋನು ಊರಿಗೆ ಹೋಗಿ ಬಂದಷ್ಟು ಸುಖ ಕೊಡುತ್ತಿತ್ತು. ಕಿಟಕಿ, ಗಾಳಿ, ಪಾರ್ಕಿಂಗ್ ಎಂದು ಶುರುವಾದ ಮಾತು ‘ಊಟ ಆತೇನ್ರಿ’ ಎನ್ನುವಲ್ಲಿಗೆ ಬಂದು ನಿಲ್ಲುತ್ತಿತ್ತು. ನಿಂತ ಮೇಲೂ ಯಾರೂ ಫೋನ್ ಇಡುತ್ತಿರಲಿಲ್ಲ. ಕಾಚಿಗೂಡದ ಬಾಡಿಗೆ ಮನೆಯಲ್ಲಿ ಅವಳ ಅವ್ವ ಪಾರ್ವತೆಮ್ಮ, ಮಗಳ ಮೊಬೈಲು ಬಡಿದುಕೊಂಡರೆ ಸಾಕು, “ನಿನ್ನ ಫೀಡ್‌ಬ್ಯಾಕ್ ಬಂತು ನೋಡವಾ,” ಎಂದು ಸೆರಗಿನ ಮರೆಯಲ್ಲಿ ನಗುತ್ತಿದ್ದಳು.

ಆದರೆ ಅಂದು ಸಂಜೆ ಫೋನ್ ಬಂದದ್ದು ಪುಣೆಯಲ್ಲಿದ್ದ ಓನರ್ ವಿಶ್ವಜಿತ್‌ನಿಂದ. ಹಿಂದಿಯಲ್ಲಿ ಕೂಗಾಡಿದ. ನಿಮ್ಮ ಮಾತು ಕೇಳಿ ಪೇಂಟ್ ಮಾಡಿಸಿದೆ, ಬಾಲ್ಕನಿಯ ಗ್ರಿಲ್ ಬದಲಿಸಿದೆ, ಇನ್ನು ಗೋಡೆ ಒಡೆಸುತ್ತೀರೇನು? ರವಿವಾರ ಮಾರಾಟ ಆಗದಿದ್ದರೆ ಕೀ ಬೇರೆ ಕಂಪನಿಗೆ. ಹಿಂದೆಯೇ ಮ್ಯಾನೇಜರ್ ಕರೆದು, ಈ ಮನೆ ಕೈತಪ್ಪಿದರೆ ನೀವು ಮತ್ತೆ ಒಳಗೆ ಕೂತು ಟೆಲಿಕಾಲಿಂಗ್ ಮಾಡಿ ಎಂದರು. ಆ ಕಿಟಕಿಯಿಲ್ಲದ ಕೋಣೆಯಲ್ಲಿ ಗುರುದೇವಿ ವರ್ಷಗಟ್ಟಲೆ ಕೂತು ಬಂದವಳು. ಇನ್ನೊಮ್ಮೆ ಅಲ್ಲಿ ಹೋಗಿ ಕೂರುವುದನ್ನು ನೆನೆದರೇ ಉಸಿರು ಕಟ್ಟುತ್ತಿತ್ತು.

ಆಫೀಸಿನಲ್ಲಿ ಪಕ್ಕದ ಟೇಬಲ್ಲಿಗೆ ಊರ ಕಡೆಯಿಂದ ಹೊಸದಾಗಿ ಬಂದಿದ್ದ ದೀಪಕ ಉರಿಗೆ ಎಣ್ಣೆ ಸುರಿದ. “ಅಕ್ಕಾರ, ಆ ವೈಜನಾಥ ತಂದ ಗಿರಾಕಿ ಎಲ್ಲಾರೂ ಅವನ ಕಡಿಂದಾನ ಬ್ಯಾರೆ ಮನಿ ತಗೊಂಡಾರ. ನಿಮ್ಮದು ಮೊದಲ ತೋರಿಸಿದ್ರ ಅವಂದು ಚಂದ ಕಾಣ್ತೈತಿ. ಅಷ್ಟೂ ತಿಳಿಯಂಗಿಲ್ಲೇನು?”

ಅವಳಿಗೆ ತಿಳಿಯಿತು. ನೌಕರಿಯ ಚಿಂತೆಗಿಂತ ಹೆಚ್ಚಾಗಿ ಉರಿದದ್ದು ಬೇರೆ. ‘ಊಟ ಆತೇನ್ರಿ’ ಎಂದದ್ದೂ ಧಂದೆಯೇ ಆಗಿತ್ತೇ?

ರವಿವಾರ ಗಿರಾಕಿಗಳಿಗಿಂತ ಮೊದಲೇ ವೈಜನಾಥ ಬಂದ. ಅವಳು ಖಾಲಿ ಹಾಲ್‌ನ ನಡುವೆ ಕೈಕಟ್ಟಿ ನಿಂತಿದ್ದಳು.

“ಇವತ್ತಿನವ್ರು ಎಲ್ಲಿ ಮನಿ ತಗೋತಾರ್ರಿ? ಅದೂ ಆಗಲೇ ಪಕ್ಕಾ ಆಗೈತೇನು?”

“ಏನಂತೀರಿ?”

“ನನ್ನ ಮನಿ ತೋರಿಸಿ ನಿಮ್ಮವು ಮಾರಾಕತ್ತೀರಿ ಅಂತೀನಿ. ಖರೇ ಫೀಡ್‌ಬ್ಯಾಕ್ ಹೇಳ್ರಿ. ಇಲ್ಲಂದ್ರ ಆ ಗಿರಾಕಿಗೋಳಿಗೆ ನಾನ ಫೋನ್ ಹಚ್ತೀನಿ.”

ಇನ್ನೊಬ್ಬರ ಗಿರಾಕಿಗೆ ನೇರವಾಗಿ ಫೋನ್ ಮಾಡಿದರೆ ಈ ಧಂದೆಯಲ್ಲಿ ಸಂಬಂಧ ಅಲ್ಲಿಗೇ ಹರಿಯಿತು. ಅದು ಗೊತ್ತಿದ್ದೇ ಅವಳು ಮೊಬೈಲ್ ತೆಗೆದಳು.

“ಬ್ಯಾಡ್ರಿ. ಅವರ ಬಾಯಿಂದ ಕೇಳಬ್ಯಾಡ್ರಿ. ಇವತ್ತು ಹೇಳಬೇಕಂತನ ಬಂದೀನಿ.” ಅವನು ಹೆಲ್ಮೆಟ್ ನೆಲಕ್ಕಿಟ್ಟ. “ಮನಿ ಎಲ್ಲಾರಿಗೂ ಹಿಡಿಸೈತಿ. ಕಿಚನೂ ಹಿಡಿಸೈತಿ. ಆದರ ಬಂದವ್ರೆಲ್ಲಾ ಒಂದ ಮಾತು ಹೇಳ್ಯಾರ. ‘ಆ ಅಮ್ಮಾಯಿ ಇಲ್ಲು ಅಮ್ಮಟ್ಲೇದು, ಕಾಪುರಂ ಚೇಸ್ತೋಂದಿ’ ಅಂತ.”

ಆ ಹುಡುಗಿ ಮನೆ ಮಾರುತ್ತಿಲ್ಲ, ಸಂಸಾರ ಮಾಡುತ್ತಿದ್ದಾಳೆ. ತೆಲುಗು ಗುರುದೇವಿಗೆ ಚೆನ್ನಾಗಿ ಬರುತ್ತಿತ್ತು. ಬರದಿದ್ದರೇ ಒಳ್ಳೆಯದಿತ್ತು.

“ಬಾಗಲಾ ತಗದ ಕೂಡಲೇ ಶುರು ಮಾಡ್ತೀರಿ,” ಎಂದ ಅವನು, ಆದಷ್ಟು ಮೆಲ್ಲಗೆ. “ಇಲ್ಲಿ ತೂಗುಮಂಚ, ಇಲ್ಲಿ ದೇವರ ಜಗಲಿ, ಬಾಲ್ಕನ್ಯಾಗ ಎರಡ ಕುರ್ಚಿ, ಇದು ಅವ್ವನ ರೂಮು, ಬೆಳಿಗ್ಗಿ ಬಿಸಲು ಬರ್ತೈತಿ... ಬಂದವ್ರಿಗೆ ಬೀಗರ ಮನಿಗೆ ಬಂದಂಗ ಅನಿಸ್ತೈತ್ರಿ. ಚಾ ಕುಡದು ಹೋಗಾಕ ಮನಸ ಆಗ್ತೈತಿ, ಕೊಳ್ಳಾಕ ಆಗಂಗಿಲ್ಲ. ಅದಕ್ಕ ಬ್ಯಾರೆ ಮನಿ ಕೇಳ್ತಾರ, ತೋರಿಸ್ತೀನಿ.”

ಅವಳ ಕಿವಿ ಬಿಸಿಯಾಯಿತು. ನೆಲ ನೋಡುತ್ತ ನಿಂತಳು. ಕಾಚಿಗೂಡದ ಆ ಎರಡು ಕೋಣೆಗಳಲ್ಲಿ ಅವ್ವನ ಮಂಚ ಇದ್ದದ್ದು ನಡೆದಾಡುವ ದಾರಿಯಲ್ಲಿ. ಈ ಬಾಗಿಲು ತೆರೆದಾಗಲೆಲ್ಲ ಮನಸ್ಸು ಮೊದಲು ಆ ಮಂಚವನ್ನೇ ಎತ್ತಿ ತಂದು ಬಿಸಿಲಿಗೆ ಹಾಕುತ್ತಿತ್ತು. ಅದನ್ನು ಊರವರೆಲ್ಲ ನೋಡುತ್ತಿದ್ದರು ಎಂದು ಅವಳಿಗೆ ತಿಳಿದಿರಲಿಲ್ಲ.

“ನನಗ್ಯಾಕ ಹೇಳಲಿಲ್ಲ?”

“ಹೇಳಿದ್ರ ನೀವು ಬಿಟ್ಟಬಿಡ್ತಿದ್ರಿ.”

“ಬಿಡಬೇಕಿತ್ತಲ್ರಿ!”

“ನನಗ ನೋಡಬೇಕಿತ್ತು,” ಎಂದ ವೈಜನಾಥ. “ನೀವು ಈ ಮನ್ಯಾಗ ತಿರಗಾಡೋದು ನೋಡಾಕಂತನ ನಾ ಗಿರಾಕಿ ತರ್ತಿದ್ದೆ.”

ಬೇರೆ ದಿನವಾಗಿದ್ದರೆ ಈ ಮಾತಿಗೆ ಅವಳು ವಾರವಿಡೀ ಕನ್ನಡಿ ನೋಡಿಕೊಳ್ಳುತ್ತಿದ್ದಳು. ಅಂದು ಕಣ್ಣಲ್ಲಿ ನೀರು ಬಂತು, ಸಿಟ್ಟಿನಿಂದ.

“ನಿಮಗ ನೋಡಾಕ ಚಂದ ಅಂತ ನನ್ನ ನೌಕರಿ ಹೋಗಬೇಕೇನ್ರಿ?”

“ತಪ್ಪಾತ್ರಿ,” ಎನ್ನುವುದರೊಳಗೆ ಬೆಲ್ ಆಯಿತು.

ಬಂದವರು ಮೂವರು, ಮಗ, ಸೊಸೆ, ಮುದಿ ತಾಯಿ. “ಚೂಡಂಡಿ,” ನೋಡಿ ಎಂದಷ್ಟೇ ಹೇಳಿ ಗುರುದೇವಿ ಗೋಡೆಗೆ ಬೆನ್ನು ಹಚ್ಚಿ ನಿಂತಳು. ಎದುರು ಗೋಡೆಗೆ ವೈಜನಾಥ. ಇಬ್ಬರ ನಡುವೆ ಗಿರಾಕಿಗಳು ಓಡಾಡಿದರು. ಫ್ರಿಜ್ ಎಲ್ಲಿ ಇಡಬೇಕು ಎಂದು ಸೊಸೆ ಕೇಳಿದಳು. ಉತ್ತರ ನಾಲಗೆಯ ತುದಿಗೆ ಬಂದಿತ್ತು. ಕಿಟಕಿಯ ಬದಿಗೆ, ಒಲೆಗೆ ದೂರ. ನುಂಗಿಕೊಂಡು, ನಿಮ್ಮಿಷ್ಟ ಎಂದಳು. ಒಮ್ಮೆ ವೈಜನಾಥನ ಕಣ್ಣು ಇವಳ ಕಣ್ಣಿಗೆ ಸಿಕ್ಕಿತು. ತಪ್ಪಿಸಿದಳು.

ಮುದುಕಿ ಮೊಣಕಾಲು ಹಿಡಿದುಕೊಳ್ಳುತ್ತ ಬಿಸಿಲಿನ ರೂಮಿಗೆ ಹೋದಳು. ಹೋಗಿ ನೆಲದ ಮೇಲೆ ಕೂತು, ಕಾಲು ಚಾಚಿದಳು. ಗುರುದೇವಿ ಬಾಗಿಲಲ್ಲಿ ನಿಂತು ತುಟಿ ಕಚ್ಚಿದಳು. ‘ಇದು ಅವ್ವನ ರೂಮು’ ಎನ್ನಲು ಹೋದದ್ದನ್ನು ತಡೆದುಕೊಂಡಳು. ಮುದುಕಿ ಗೋಡೆ ನೋಡಿದಳು, ಕಿಟಕಿ ನೋಡಿದಳು.

“ಈ ರೂಮ್ ನಾದಿ,” ಎಂದಳು ಮುದುಕಿ ಕೊನೆಗೆ. ಈ ರೂಮು ನನ್ನದು.

ಮಗ ನಕ್ಕು, ಅಮ್ಮ ಕೂತಮೇಲೆ ಮುಗಿಯಿತು, ಅಡ್ವಾನ್ಸ್ ಯಾರ ಹೆಸರಿಗೆ ಎಂದು ಕೇಳಿದ.

ಫೋನಿನಲ್ಲಿ ಸುದ್ದಿ ಕೇಳಿ ವಿಶ್ವಜಿತ್‌ನ ಧ್ವನಿಯೇ ಬದಲಾಯಿತು. “ಮೇಡಂ, ಆ ವೈಜನಾಥ ನಿನ್ನೆ ನನಗೆ ಫೋನ್ ಮಾಡಿದ್ದ,” ಎಂದು ಹಿಂದಿಯಲ್ಲಿ ಹೇಳಿದ. “ಪೇಂಟ್, ಗ್ರಿಲ್ ಬಗ್ಗೆ ಗಿರಾಕಿಗಳು ಅಂದರು ಅಂತ ಹೇಳಿದ್ದೆಲ್ಲ ನಾನು ಕಟ್ಟಿದ ಸುಳ್ಳು, ಮೇಡಂದು ಏನೂ ತಪ್ಪಿಲ್ಲ ಅಂದ. ಚೆನ್ನಾಗಿ ಬೈದೆ. ಎಲ್ಲಾ ಕೇಳಿಸಿಕೊಂಡ.”

ಗಿರಾಕಿಗಳು ಇಳಿದುಹೋದ ಮೇಲೆ ಗುರುದೇವಿ ಆ ರೂಮಿಗೆ ಹೋಗಿ ನಿಂತಳು. ಈಗ ಅಳು ಬಂತು, ತಡೆಯಲಿಲ್ಲ. ವೈಜನಾಥ ಹೊಸ್ತಿಲ ಆಚೆಯೇ ನಿಂತಿದ್ದ.

“ಅವ್ವಗ ಒಂದ ಸಲನೂ ತೋರಿಸಲಿಲ್ರಿ ಈ ರೂಮು,” ಎಂದಳು.

ಅವಳ ಅಳು ಇಳಿದ ಮೇಲೆ ಅವನು ಕೇಳಿದ, “ಮನಿ ಹೋತು. ಇನ್ನ ನಾ ಫೋನ್ ಮಾಡಾಕ ಕಾರಣ ಇಲ್ಲ. ಮಾಡ್ಲೋ, ಬ್ಯಾಡೋ?”

“ನಿಮ್ಮ ಮ್ಯಾಲಿನ ಸಿಟ್ಟು ಇನ್ನೂ ಹೋಗಿಲ್ಲ.”

“ಗೊತ್ತೈತ್ರಿ.”

“ಭಾಳ ದಿನ ಇರ್ತೈತಿ.”

“ಇರಲ್ರಿ. ನಾನೂ ಇರ್ತೀನಿ.”

ಗುರುದೇವಿ ಕೆನ್ನೆ ಒರೆಸಿಕೊಂಡು ಅವನತ್ತ ತಿರುಗಿದಳು. “ಎಲ್ಲಾರಿಗೂ ಕಂಡದ್ದು ನಿಮಗಷ್ಟ ಕಾಣಲಿಲ್ಲ ನೋಡ್ರಿ. ಬಾಲ್ಕನ್ಯಾಗ ಎರಡ ಕುರ್ಚಿ ಅಂತ ಹೇಳ್ತಿದ್ದೆ. ಅವ್ವ ಕುರ್ಚಿ ಮ್ಯಾಲ ಕುಂಡ್ರಾಕಿ ಅಲ್ಲ.”

ವೈಜನಾಥ ಚೌಕಟ್ಟು ಹಿಡಿದುಕೊಂಡ. ಅವನ ಮುಖದಲ್ಲಿ ಮೊದಲು ಭಯ, ಆಮೇಲೆ ನಗು, ಆಮೇಲೆ ಮತ್ತೆ ಭಯ ಬಂದು ಹೋಯಿತು. “ಆ ಇನ್ನೊಂದು...”

“ಹೂಂ. ಆ ಮನ್ಯಾಗ ನಾ ಒಬ್ಬಾಕಿನ ಇರಲಿಲ್ರಿ.”

ಅವಳು ಮೊಬೈಲ್ ತೆಗೆದು ಕಾಚಿಗೂಡಕ್ಕೆ ಹಚ್ಚಿದಳು. ಕಣ್ಣು ಮಾತ್ರ ಅವನ ಮೇಲೇ ಇತ್ತು.

“ಅವ್ವಾ, ಮನಿ ಹೋತು... ಹೌದು, ಚಲೋನ ಆತು. ರೊಟ್ಟಿ ಒಂದೀಟು ಜಾಸ್ತಿ ಬಡಿ, ಊಟಕ್ಕ ಒಬ್ಬರನ್ನ ಕರಕೊಂಡ ಬರಾಕತ್ತೀನಿ.” ಆ ಕಡೆಯ ಪ್ರಶ್ನೆಗೆ ಅವಳ ಕೆನ್ನೆ ಕೆಂಪಾಯಿತು.

“ಇಲ್ಲವ್ವಾ,” ಎಂದಳು. “ಗಿರಾಕಿ ಅಲ್ಲ.”